ರಾಗವೂ ಗೊತ್ತು, ಕಾರ್ಡೂ ಗೊತ್ತು: ಬಳ್ಳಾರಿ ಮೈಸೂರು ಸೇರಿದಾಗ ರಾಜಪ್ರಮುಖರಾಗಿದ್ದ ಜಯಚಾಮರಾಜ ಒಡೆಯರ ಸಂಗೀತದ ಬದುಕು

ರೂಪನಗುಡಿ: 1953ರ ಅಕ್ಟೋಬರ್ 1. ಅಲ್ಲಿವರೆಗೆ ಮದ್ರಾಸ್ ರಾಜ್ಯದಲ್ಲಿದ್ದ ಬಳ್ಳಾರಿ ಸೀಮೆ ಮೈಸೂರು ರಾಜ್ಯಕ್ಕೆ ಸೇರಿದ ದಿನ ಅದು. ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಹೋದವು. ಬಳ್ಳಾರಿ ತಾಲ್ಲೂಕು ಯಾರಿಗೆ ಅನ್ನೋ ಜಗ್ಗಾಟ ನ್ಯಾಯಮೂರ್ತಿ ಮಿಶ್ರಾ ಅವರ ವರದಿ ಬಂದ ಮೇಲೆ ತೀರಿತು. ಹಾಗಾಗಿ ರೂಪನಗುಡಿಯೂ ಸುತ್ತಲಿನ ಹಳ್ಳಿಗಳೂ ಮೈಸೂರಿನ ಪಾಲಿಗೆ ಬಂದವು.

ಆ ದಿನ ಮೈಸೂರು ರಾಜ್ಯದ ರಾಜಪ್ರಮುಖರಾಗಿ ಇದ್ದವರು ಜಯಚಾಮರಾಜ ಒಡೆಯರ್. ರಾಜಪ್ರಮುಖ ಅಂದ್ರೆ ಈಗಿನ ರಾಜ್ಯಪಾಲರ ಹಾಗೆ. ಹೆಸರಿಗೆ ರಾಜ್ಯದ ಮುಖ್ಯಸ್ಥರು, ಆಡಳಿತ ನಡೆಸೋರು ಚುನಾಯಿತ ಮಂತ್ರಿಗಳು. ಹಳೇ ಮೈಸೂರಿನವರಿಗೆ ಅವರು ಮಹಾರಾಜರು. ಬಳ್ಳಾರಿಯವರಿಗೆ ಮಾತ್ರ ಅವರು ಸಿಂಹಾಸನ ಬಿಟ್ಟ ಮೇಲೆ ಸಿಕ್ಕ ಮಹಾರಾಜರು.

ದಸರಾ ಫೋಟೊಗಳಲ್ಲಿ ಅಂಬಾರಿ ಮೇಲೆ ಕೂತ ದಪ್ಪ ಮೈಕಟ್ಟಿನ ಆ ರಾಜರನ್ನು ಹಳಬರು ಗುರುತಿಸ್ತಾರೆ. ಆದರೆ ಅವರಿಗೆ ಇನ್ನೊಂದು ಬದುಕೂ ಇತ್ತು. ಪಿಯಾನೊದ ಕಾರ್ಡ್‌ಗಳನ್ನು ಚೆನ್ನಾಗಿ ಬಲ್ಲವರು, ಕರ್ನಾಟಕ ಸಂಗೀತದ ರಾಗಗಳಲ್ಲಿ 94 ಕೃತಿ ಕಟ್ಟಿದವರು. ಮನಸ್ಸಿಗೆ ಸಂತೋಷ, ದುಃಖ, ಧೈರ್ಯ, ಶಾಂತಿ ತರೋ ಕೆಲಸವನ್ನು ಎರಡು ಸಂಗೀತಗಳು ಎರಡು ದಾರಿಯಲ್ಲಿ ಮಾಡ್ತವೆ. ಎರಡೂ ದಾರಿಯಲ್ಲಿ ನಡೆದ ಕನ್ನಡ ನಾಡಿನ ಅಪರೂಪದ ಮನುಷ್ಯ ಅವರು.

ಎರಡು ಬ್ಯಾಂಡಿನ ಅರಮನೆ

ಜಯಚಾಮರಾಜ ಒಡೆಯರ್ ಹುಟ್ಟಿದ್ದು 1919ರ ಜುಲೈ 18ರಂದು, ಮೈಸೂರಿನಲ್ಲಿ. ತಂದೆ ಯುವರಾಜ ಕಂಠೀರವ ನರಸಿಂಹರಾಜ ಒಡೆಯರ್, ತಾಯಿ ಕೆಂಪುಚೆಲುವಾಜಮ್ಮಣ್ಣಿ. ದೊಡ್ಡಪ್ಪ ನಾಲ್ವಡಿ ಕೃಷ್ಣರಾಜ ಒಡೆಯರ್ ಆಗ ಮಹಾರಾಜರು. ಅವರಿಗೆ ಮಕ್ಕಳಿರಲಿಲ್ಲ.

ನಾಲ್ವಡಿಯವರ ಅರಮನೆಯಲ್ಲಿ ಸಂಗೀತಕ್ಕೆ ಬರ ಇರಲಿಲ್ಲ. ವೀಣೆ ಶೇಷಣ್ಣ, ಮೈಸೂರು ವಾಸುದೇವಾಚಾರ್ಯ, ಮುತ್ತಯ್ಯ ಭಾಗವತರ್ ಅಂಥ ದೊಡ್ಡ ವಿದ್ವಾಂಸರು ಆಸ್ಥಾನದಲ್ಲಿದ್ದರು. ಚಾಮುಂಡೇಶ್ವರಿಯ ಮೇಲೆ ಮುತ್ತಯ್ಯ ಭಾಗವತರು ಕನ್ನಡದಲ್ಲಿ 108 ಕೃತಿ ರಚಿಸಿದ್ದು ಇದೇ ಆಸ್ಥಾನದಲ್ಲಿ. ಅದರ ಪಕ್ಕದಲ್ಲೇ ಅರಮನೆಯಲ್ಲಿ ಇಂಗ್ಲಿಷ್ ಬ್ಯಾಂಡ್ ಇತ್ತು, ಪಾಶ್ಚಾತ್ಯ ವಾದ್ಯವೃಂದ ಇತ್ತು. ಒಂದು ಕಡೆ ತಂಬೂರಿ ಮಿಡಿದರೆ ಇನ್ನೊಂದು ಕಡೆ ಕಹಳೆ, ಕ್ಲಾರಿಯೊನೆಟ್ ಸದ್ದು. ಬಸವಪ್ಪ ಶಾಸ್ತ್ರಿಗಳು ಬರೆದ ಮೈಸೂರಿನ ನಾಡಗೀತೆ ಕಾಯೌ ಶ್ರೀಗೌರಿಯನ್ನು ಬ್ಯಾಂಡಿನವರು ಇಂಗ್ಲಿಷ್ ವಾದ್ಯಗಳಲ್ಲೇ ನುಡಿಸ್ತಿದ್ದರು. ಮೈಸೂರಿನ ಪೊಲೀಸರಲ್ಲಿ ಇವತ್ತಿಗೂ ಇಂಗ್ಲಿಷ್ ಬ್ಯಾಂಡ್ ಬೇರೆ, ಕರ್ನಾಟಕ ವಾದ್ಯವೃಂದ ಬೇರೆ. ಅದರ ಬೇರು ಇರೋದು ಈ ಅರಮನೆಯಲ್ಲಿ.

ಇಂಥ ಮನೆಯಲ್ಲಿ ಬೆಳೆದ ಹುಡುಗನ ಕೈಗೆ ಮೊದಲು ಹತ್ತಿದ್ದು ಪಿಯಾನೊ. ಕಲಿಕೆ ಬರೀ ಹವ್ಯಾಸವಾಗಿ ಉಳಿಯಲಿಲ್ಲ. ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಲೈಸೆನ್ಶಿಯೇಟ್ ಪದವಿ ಪಡೆಯೋ ಮಟ್ಟಿಗೆ ಹೋಯ್ತು. ಮುಂದೆ ಲಂಡನ್ನಿನ ಟ್ರಿನಿಟಿ ಕಾಲೇಜು ಗೌರವ ಫೆಲೋಶಿಪ್ ಕೊಟ್ಟಿತು. ಶಾಲೆ ಓದಿನಲ್ಲೂ ಹಿಂದೆ ಬೀಳಲಿಲ್ಲ. 1938ರಲ್ಲಿ ಮೈಸೂರಿನ ಮಹಾರಾಜ ಕಾಲೇಜಿನಿಂದ ಪದವಿ ಪಡೆದರು, ಬಹುಮಾನಗಳನ್ನೂ ಗೆದ್ದರು. 1939ರಲ್ಲಿ ಯುರೋಪ್ ಸುತ್ತಿ ಬಂದರು.

ಐದು ತಿಂಗಳಲ್ಲಿ ಎರಡು ಸಾವು

1940ರ ಮಾರ್ಚ್‌ನಲ್ಲಿ ತಂದೆ ಮುಂಬೈಯಲ್ಲಿ ತೀರಿಕೊಂಡರು. ಆಗಸ್ಟ್ 3ರಂದು ದೊಡ್ಡಪ್ಪ ನಾಲ್ವಡಿಯವರೂ ಹೋದರು. ಸೆಪ್ಟೆಂಬರ್ 8ರಂದು ಜಯಚಾಮರಾಜರಿಗೆ ಪಟ್ಟಾಭಿಷೇಕ. ವಯಸ್ಸು ಆಗಿನ್ನೂ 21.

ಹೊರಗಡೆ ಎರಡನೇ ಮಹಾಯುದ್ಧ. ಒಳಗಡೆ ಸ್ವಾತಂತ್ರ್ಯ ಚಳವಳಿ. ನಾಲ್ವಡಿಯವರಂಥ ಹೆಸರುವಾಸಿ ರಾಜರ ಜಾಗದಲ್ಲಿ ಕೂರಬೇಕು. ದಿನಕ್ಕೆ ಗಂಟೆಗಟ್ಟಲೆ ಪಿಯಾನೊ ಮುಂದೆ ಕೂರೋ ಕಲಾವಿದನ ಬದುಕಿಗೂ ಕಡತ, ದರ್ಬಾರು, ಪೂಜೆ, ದಸರಾ ಅಂತ ಓಡಾಡೋ ರಾಜನ ಬದುಕಿಗೂ ಹೊಂದಾಣಿಕೆ ಆಗೋದು ಕಷ್ಟ. ವೇದಿಕೆ ಮೇಲೆ ಪಿಯಾನೊ ನುಡಿಸಿ ಬದುಕೋ ದಾರಿ ಅಲ್ಲಿಗೆ ಮುಚ್ಚಿತು. ಆದರೆ ಕಿವಿ ಮುಚ್ಚಲಿಲ್ಲ. ಅರಮನೆಯಲ್ಲಿ ಗ್ರಾಮಫೋನ್ ತಟ್ಟೆಗಳು ಸಾವಿರಗಟ್ಟಲೆ ಬಂದು ಕೂತವು. ಮುಂದೆ ಆ ಸಂಗ್ರಹ ಸುಮಾರು 20,000ಕ್ಕೆ ಮುಟ್ಟಿತ್ತು ಅನ್ನೋ ಅಂದಾಜಿದೆ.

ಕಾರ್ಡ್ ಅಂದ್ರೆ ಏನು?

ಒಡೆಯರು ಪಿಯಾನೊದಲ್ಲಿ ಕಲಿತದ್ದು ಏನು ಅಂತ ತಿಳಿಯೋಕೆ ಭಜನೆ ಗುಡಿಯ ಹಾರ್ಮೋನಿಯಂ ಸಾಕು. ಇಲ್ಲಿ ಕಾರ್ಡ್ ಅಂದ್ರೆ ರೇಷನ್ ಕಾರ್ಡ್ ಅಲ್ಲ. ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್ ನುಡಿಸೋ ಹುಡುಗರು ಮೂರು ಮನೆ ಒಟ್ಟಿಗೆ ಒತ್ತುತಾರಲ್ಲ, ಅದು.

ಬಿಳಿ ಒಂದನ್ನು ಸ ಅಂತ ಇಟ್ಟುಕೊಳ್ಳಿ. ಬಿಳಿ ಒಂದು, ಬಿಳಿ ಮೂರು, ಬಿಳಿ ಐದು ಈ ಮೂರನ್ನೂ ಒಟ್ಟಿಗೆ ಒತ್ತಿ. ಅದು ಸ-ಗ-ಪ. ಬೆಳಗಾದ ಹಾಗೆ, ಅಂಗಡಿ ಬಾಗಿಲು ತೆಗೆದ ಹಾಗೆ ಕೇಳುತ್ತೆ. ಈಗ ಬಿಳಿ ಮೂರನ್ನು ಬಿಟ್ಟು ಅದರ ಹಿಂದಿನ ಕರಿ ಎರಡನ್ನು ಒತ್ತಿ. ಉಳಿದ ಎರಡು ಬೆರಳು ಅಲ್ಲೇ ಇರಲಿ. ಬದಲಾಗಿದ್ದು ಗಾಂಧಾರ ಒಂದೇ, ಅದೂ ಅರ್ಧ ಮನೆ. ಅಷ್ಟಕ್ಕೇ ಸದ್ದಿನಲ್ಲಿ ಮಬ್ಬು ಕವಿಯುತ್ತೆ. ಪಾಶ್ಚಾತ್ಯರು ಮೊದಲನೆಯದಕ್ಕೆ ಮೇಜರ್, ಎರಡನೆಯದಕ್ಕೆ ಮೈನರ್ ಅಂತಾರೆ.

ಇನ್ನೊಂದು ಪ್ರಯೋಗ ಇನ್ನೂ ಸ್ವಾರಸ್ಯ. ಮೋಹನ ರಾಗ ತೊಗೊಳ್ಳಿ, ಹಿಂದೂಸ್ತಾನಿಯವರು ಭೂಪಾಲಿ ಅನ್ನೋದು. ಸ-ರಿ-ಗ-ಪ-ದ, ಅಂದ್ರೆ ಬಿಳಿ ಒಂದು, ಎರಡು, ಮೂರು, ಐದು, ಆರು. ಹಾಡೋರು ಗಾಂಧಾರದ ಮೇಲೆ ನಿಂತಿದ್ದಾರೆ ಅಂದುಕೊಳ್ಳಿ. ಅವರ ಕೆಳಗೆ ಸ-ಗ-ಪ ಕಾರ್ಡ್ ಹಿಡಿದರೆ ಗಾಂಧಾರ ನಗುತ್ತೆ. ಹಾಡೋರು ಕದಲದೆ ಅಲ್ಲೇ ನಿಂತಿರಲಿ. ಕಾರ್ಡ್ ಮಾತ್ರ ಬದಲಿಸಿ ಬಿಳಿ ಆರು, ಮೇಲಿನ ಬಿಳಿ ಒಂದು, ಬಿಳಿ ಮೂರು ಹಿಡಿಯಿರಿ, ಅಂದ್ರೆ ದ-ಸ-ಗ. ಗಾಂಧಾರ ಅದೇ, ಹಾಡೋರ ಕಂಠವೂ ಅದೇ. ಆದರೆ ಅದೇ ಸ್ವರಕ್ಕೆ ಈಗ ಯಾರನ್ನೋ ಕಳಿಸಿ ಬಂದಂಥ ಛಾಯೆ ಬರುತ್ತೆ. ಹೊಸ ಸ್ವರ ಒಂದೂ ಸೇರಲಿಲ್ಲ, ಎಲ್ಲಾ ಮೋಹನದ್ದೇ.

ಹೇಗಾಯ್ತು ಅಂತೀರಾ? ಕಾರ್ಡ್ ಸ್ವರದ ಕೆಳಗಿನ ನೆಲವನ್ನೇ ಸರಿಸುತ್ತೆ. ಮೊದಲು ಸ ನೆಲವಾಗಿತ್ತು, ಆಮೇಲೆ ದ ನೆಲವಾಯ್ತು. ನೆಲ ಬದಲಾದರೆ ಅದರ ಮೇಲೆ ನಿಂತವರ ಎತ್ತರವೂ ಬೇರೆ ಕಾಣುತ್ತೆ. ತಕ್ಕಡಿಯ ಒಂದು ತಟ್ಟೆಯಲ್ಲಿ ಅದೇ ಮೆಣಸಿನಕಾಯಿ ಇಟ್ಟು ಇನ್ನೊಂದು ತಟ್ಟೆಯ ಕಲ್ಲು ಬದಲಿಸಿದ ಹಾಗೆ. ಸಿನಿಮಾದಲ್ಲಿ ಒಂದೇ ಧಾಟಿಯನ್ನು ಮದುವೆ ಸೀನಿಗೂ ಅಗಲಿಕೆ ಸೀನಿಗೂ ಬಳಸ್ತಾರಲ್ಲ, ಅದರ ಗುಟ್ಟಿನಲ್ಲಿ ದೊಡ್ಡ ಪಾಲು ಇದೇ.

ಲಂಡನ್ನಿಗೆ ಹೋದ ಮೈಸೂರಿನ ಹಣ

ಕಾರ್ಡ್‌ಗಳ ಈ ಲೋಕದಲ್ಲಿ ಒಡೆಯರಿಗೆ ಅಚ್ಚುಮೆಚ್ಚಾದ ಒಬ್ಬ ಸಂಗೀತಗಾರ ನಿಕೊಲಾಯ್ ಮೆಡ್ಟ್‌ನರ್. ರಷ್ಯದಲ್ಲಿ 1880ರಲ್ಲಿ ಹುಟ್ಟಿದವರು, ಕೊನೆಗೆ ಲಂಡನ್ನಿನಲ್ಲಿ ನೆಲೆಸಿದವರು. ಅವರ ಕಾಲದ ಹೊಸಬರು ಹಳೆಯ ಸ್ವರ ಸಂಬಂಧಗಳನ್ನೇ ಕಿತ್ತು ಹಾಕುತ್ತಿದ್ದರು. ಮೆಡ್ಟ್‌ನರ್ ಅದಕ್ಕೆ ಒಪ್ಪಲಿಲ್ಲ. ಕಾರ್ಡ್‌ಗಳು ಎಲ್ಲೇ ಅಲೆದಾಡಲಿ, ಅವಕ್ಕೆ ತಿರುಗಿ ಬರೋಕೆ ಒಂದು ಮನೆ ಇರಬೇಕು ಅನ್ನೋದು ಅವರ ಪಟ್ಟು. ಅದನ್ನೇ ವಾದಿಸಿ 1935ರಲ್ಲಿ ಒಂದು ಪುಸ್ತಕ ಬರೆದರು. ಷಡ್ಜವನ್ನು ನಂಬಿದ ನಾಡಿನ ಕಿವಿಗೆ ಈ ಮಾತು ಅಪರಿಚಿತ ಅಲ್ಲ.

ಕಾಲ ಅವರ ಕಡೆ ಇರಲಿಲ್ಲ. ವಯಸ್ಸಾಯ್ತು, ಹೃದಯದ ಕಾಯಿಲೆ, ಕೈಯಲ್ಲಿ ಕಾಸಿಲ್ಲ. ಆಗ ನೆರವು ಬಂದದ್ದು ಮೈಸೂರಿನಿಂದ. ಲಂಡನ್ನಿನ ಧ್ವನಿಮುದ್ರಣ ನಿರ್ಮಾಪಕ ವಾಲ್ಟರ್ ಲೆಗ್ ಮೈಸೂರಿಗೆ ಬಂದು ಒಡೆಯರನ್ನು ಕಂಡರು. ಮೆಡ್ಟ್‌ನರ್ ಕೃತಿಗಳನ್ನು ಧ್ವನಿಮುದ್ರಿಸೋ ಖರ್ಚು ಹೊರೋಕೆ ಒಡೆಯರು ಒಪ್ಪಿದರು. ಮೂರೂ ಪಿಯಾನೊ ಕಾನ್ಚರ್ಟೊಗಳನ್ನು ಮೆಡ್ಟ್‌ನರ್ ತಾವೇ ಫಿಲ್ಹಾರ್ಮೋನಿಯಾ ವಾದ್ಯವೃಂದದ ಜೊತೆ ನುಡಿಸಿದರು. ತಮ್ಮ ಮೂರನೇ ಕಾನ್ಚರ್ಟೊವನ್ನು ಮೈಸೂರಿನ ಮಹಾರಾಜರಿಗೆ ಅರ್ಪಿಸಿದರು. 1951ರಲ್ಲಿ ಮೆಡ್ಟ್‌ನರ್ ತೀರಿಕೊಂಡರು. ಅವರ ಕೈಯ ನುಡಿಸಾಣಿಕೆ ಇವತ್ತಿಗೂ ಕೇಳೋಕೆ ಸಿಗುತ್ತೆ ಅಂದ್ರೆ ಅದರಲ್ಲಿ ಮೈಸೂರಿನ ಪಾಲು ದೊಡ್ಡದು.

ಯುದ್ಧ ಮುಗಿದ ಹೊತ್ತಲ್ಲಿ ಲೆಗ್ ಕಟ್ಟಿದ್ದ ಈ ಫಿಲ್ಹಾರ್ಮೋನಿಯಾ ಇನ್ನೂ ಎಳೆಯ ಸಂಸ್ಥೆ. ಅದು ನಿಂತುಕೊಳ್ಳೋಕೂ ಒಡೆಯರು ಹಣ ಕೊಟ್ಟರು. 1948ರಲ್ಲಿ ಫಿಲ್ಹಾರ್ಮೋನಿಯಾ ಕನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರಾದರು.

ಮುಂದಿನ ಕತೆ 1950ರ ಮೇ 22ರದ್ದು. ಜರ್ಮನಿಯ ರಿಚರ್ಡ್ ಸ್ಟ್ರಾಸ್ 1948ರಲ್ಲಿ, 84ರ ಹರೆಯದಲ್ಲಿ, ವಾದ್ಯವೃಂದದ ಜೊತೆ ಹಾಡೋ ಗೀತೆಗಳನ್ನು ಬರೆದಿದ್ದರು. ಸಾವನ್ನು ಹೆದರಿಕೆ ಇಲ್ಲದೆ ಎದುರು ನೋಡೋ ಹಾಡುಗಳು. 1949ರಲ್ಲಿ ಅವರು ಸತ್ತ ಮೇಲೆ ಇವು ನಾಲ್ಕು ಕೊನೆಯ ಗೀತೆಗಳು ಅಂತ ಹೆಸರಾದವು. ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಅವುಗಳ ಮೊದಲ ಪ್ರಯೋಗ ನಡೆಯಿತು. ಹಾಡಿದವರು ಕಿರ್ಸ್ಟನ್ ಫ್ಲಾಗ್‌ಸ್ಟಾಡ್, ವಾದ್ಯವೃಂದ ನಡೆಸಿದವರು ವಿಲ್ಹೆಲ್ಮ್ ಫುರ್ಟ್‌ವೆಂಗ್ಲರ್. ಕಾರ್ಯಕ್ರಮದ ಹಣಕ್ಕೆ ಜಾಮೀನು ನಿಂತವರು ಮೈಸೂರಿನ ಮಹಾರಾಜರು. ಅವರಿಗೆ ಹೋಗಲು ಆಗಲಿಲ್ಲ. ಧ್ವನಿಮುದ್ರಿಸಿದ ತಟ್ಟೆ ಹಡಗು ಹತ್ತಿ ಮೈಸೂರಿಗೆ ಬಂತು.

ಇಲ್ಲಿ ಒಂದು ಪ್ರಶ್ನೆ ಏಳೋದು ಸಹಜ. ಯುದ್ಧದ ನಂತರ ಈ ಕಡೆ ಕಾಳಿಗೆ ಬರ, ಪಡಿತರ ಸಾಲು. 1947ರ ಸೆಪ್ಟೆಂಬರ್‌ನಲ್ಲಿ ಜವಾಬ್ದಾರಿ ಸರ್ಕಾರ ಬೇಕು ಅಂತ ಮೈಸೂರು ಚಲೋ ಚಳವಳಿ. ಅಂಥ ಹೊತ್ತಲ್ಲಿ ಲಂಡನ್ನಿನ ವಾದ್ಯವೃಂದಕ್ಕೆ ಹಣ ಕಳಿಸೋದು ಸರಿಯೇ ಅಂತ ಯಾರಾದರೂ ಕೇಳಿದರೆ ಆ ಪ್ರಶ್ನೆಯನ್ನು ತಳ್ಳಿಹಾಕೋಕೆ ಆಗಲ್ಲ. ರಾಜರ ಕಾಲದ ಕಲಾಪೋಷಣೆಗೆ ಈ ಎರಡು ಮುಖವೂ ಇತ್ತು. ಸಂಗೀತ ಉಳಿಯಿತು ಅನ್ನೋದು ನಿಜ. ಯಾವ ಸಂಗೀತ ಉಳೀಬೇಕು ಅಂತ ತೀರ್ಮಾನ ಮಾಡಿದ್ದು ಒಬ್ಬರ ಕಿವಿ ಅನ್ನೋದೂ ನಿಜ.

ರಾಗದ ಲೆಕ್ಕ ಬೇರೆ

ಕಾರ್ಡ್‌ಗಳನ್ನು ಇಷ್ಟು ಹಚ್ಚಿಕೊಂಡವರು ಕರ್ನಾಟಕ ಸಂಗೀತದ ಕಡೆ ಹೊರಳಿದ್ದು 1940ರ ದಶಕದಲ್ಲಿ. ದಾರಿ ತೋರಿಸಿದವರು ಆಸ್ಥಾನ ವಿದ್ವಾಂಸರಾದ ಮೈಸೂರು ವಾಸುದೇವಾಚಾರ್ಯರು. ಪಟ್ಣಂ ಸುಬ್ರಹ್ಮಣ್ಯ ಅಯ್ಯರ್ ಅವರ ಶಿಷ್ಯರಾದ ಆಚಾರ್ಯರು ಹುಟ್ಟಿದ್ದು 1865ರಲ್ಲಿ. ಅಂದ್ರೆ ಶಿಷ್ಯನಿಗಿಂತ ಐವತ್ತಕ್ಕೂ ಹೆಚ್ಚು ವರ್ಷ ದೊಡ್ಡವರು.

ರಾಗ ಮನಸ್ಸನ್ನು ಮುಟ್ಟೋ ಬಗೆ ಕಾರ್ಡಿನ ಹಾಗಲ್ಲ. ಅದನ್ನೂ ಹಾರ್ಮೋನಿಯಂ ಮೇಲೇ ನೋಡಬಹುದು. ಬರೀ ಬಿಳಿ ಮನೆಗಳನ್ನೇ ನುಡಿಸಿ, ಕರಿ ಮುಟ್ಟಬೇಡಿ. ಬಿಳಿ ಒಂದನ್ನು ಸ ಮಾಡಿಕೊಂಡರೆ ಶಂಕರಾಭರಣದ ಸ್ವರಗಳು ಸಿಗ್ತವೆ. ಬಿಳಿ ಎರಡನ್ನು ಸ ಮಾಡಿಕೊಂಡರೆ ಖರಹರಪ್ರಿಯ. ಮೂರರಿಂದ ತೋಡಿ. ನಾಲ್ಕರಿಂದ ಕಲ್ಯಾಣಿ. ಐದರಿಂದ ಹರಿಕಾಂಭೋಜಿ. ಆರರಿಂದ ನಟಭೈರವಿ. ಏಳರಿಂದ ಶುರು ಮಾಡಿದರೆ ಸರಿಯಾದ ಪಂಚಮ ಸಿಗಲ್ಲ, ಹಾಗಾಗಿ ಅದು ಮೇಳವಾಗಲ್ಲ. ಮನೆಗಳು ಅವೇ ಏಳು. ಯಾವುದನ್ನು ಮನೆದೇವರು ಮಾಡಿಕೊಂಡಿರಿ ಅನ್ನೋದರ ಮೇಲೆ ಮನಸ್ಸಿನ ಬಣ್ಣ ಬೇರೆ. ಯುರೋಪಿನ ಹಳೆಯ ಚರ್ಚ್ ಸಂಗೀತದಲ್ಲೂ ಇದೇ ಲೆಕ್ಕ ಇತ್ತು. ಅಲ್ಲಿ ಅದಕ್ಕೆ ಮೋಡ್ ಅಂತಾರೆ.

ಒಮ್ಮೆ ಸ ಗೊತ್ತಾದ ಮೇಲೆ ರಾಗದಲ್ಲಿ ಅದು ಕದಲೋ ಹಾಗಿಲ್ಲ. ತಂಬೂರಿ ಶುರುವಿನಿಂದ ಕೊನೆತನಕ ಅದೇ ಸ-ಪ ಮೀಟುತ್ತೆ. ಪ್ರತಿ ಸ್ವರವೂ ಆ ಸ್ಥಿರ ನೆಲದಿಂದ ಎಷ್ಟು ದೂರ ಅಂತ ಕಿವಿ ಅಳೆಯುತ್ತಾ ಹೋಗುತ್ತೆ. ತಕ್ಕಡಿಯ ಕಲ್ಲು ಬದಲಾಗಲ್ಲ, ತೂಗೋ ಮಾಲು ಬದಲಾಗುತ್ತೆ. ರಿಷಭ ಸ್ವಲ್ಪ ಇಳಿದರೂ ಗೊತ್ತಾಗುತ್ತೆ, ಗಾಂಧಾರ ತೂಗಾಡಿದರೂ ಗೊತ್ತಾಗುತ್ತೆ.

ಆ ತೂಗಾಟಕ್ಕೇ ಗಮಕ ಅನ್ನೋದು. ತೋಡಿಯ ಗಾಂಧಾರ ಒಂದು ಜಾಗದಲ್ಲಿ ಸುಮ್ಮನೆ ನಿಲ್ಲೋ ಸ್ವರ ಅಲ್ಲ, ಜೋಕಾಲಿ ಆಡುತ್ತೆ. ಅದರ ಕೆಳಗೆ ಮೂರು ಮನೆ ಒತ್ತಿ ಕಾರ್ಡ್ ಹಿಡಿದರೆ ಕೆಳಗಿನ ಗಾಂಧಾರ ಕಂಬದ ಹಾಗೆ ನಿಂತಿರುತ್ತೆ, ಮೇಲಿನ ಗಾಂಧಾರ ತೂಗುತ್ತಿರುತ್ತೆ. ಎರಡೂ ಒಂದಕ್ಕೊಂದು ತಾಗುತ್ತವೆ. ಸ್ವರವನ್ನು ನೇರವಾಗಿ ಹಿಡಿಯೋ ಧಾಟಿಗಳಿಗೆ ಕಾರ್ಡ್ ಒಗ್ಗುತ್ತೆ, ಗಮಕವೇ ಜೀವವಾದ ರಾಗಕ್ಕೆ ಒಗ್ಗಲ್ಲ. ಇಂಥದ್ದೇ ಕಾರಣಗಳಿಗಾಗಿ ಆಕಾಶವಾಣಿ 1940ರಲ್ಲಿ ಹಾರ್ಮೋನಿಯಂ ಪೆಟ್ಟಿಗೆಯನ್ನೇ ಹೊರಗಿಟ್ಟಿತ್ತು. ಮನೆಯಿಂದ ಮನೆಗೆ ಜಾರೋಕೆ ಬಾರದ ವಾದ್ಯ ಅನ್ನೋದು ಆಗಿನ ದೂರು. ಆ ನಿಷೇಧ ಸುಮಾರು ಮೂರು ದಶಕ ನಡೆಯಿತು.

ಕಾರ್ಡ್ ನೆಲವನ್ನು ಸರಿಸಿದರೆ ರಾಗದ ಹೆಸರೇ ಬದಲಾಗೋ ಅಪಾಯವೂ ಇದೆ. ಮೋಹನದಲ್ಲಿ ದ-ಸ-ಗ ಕಾರ್ಡನ್ನು ಬಹಳ ಹೊತ್ತು ಹಿಡಿದರೆ ಕಿವಿ ದೈವತವನ್ನೇ ಷಡ್ಜ ಅಂತ ಒಪ್ಪಿಕೊಂಡು ಬಿಡುತ್ತೆ. ಅಲ್ಲಿಂದ ಎಣಿಸಿದರೆ ಅದೇ ಐದು ಮನೆ ಶುದ್ಧ ಧನ್ಯಾಸಿ. ಹಾಡೋರು ಮೋಹನ ಹಾಡ್ತಿದ್ದಾರೆ, ಕೇಳೋರಿಗೆ ಶುದ್ಧ ಧನ್ಯಾಸಿ ಮೂಗಿಗೆ ಬಡಿಯುತ್ತೆ.

ಬೆರೆಸಲಿಲ್ಲ, ಬೇರೆಯಾಗಿಯೇ ಇಟ್ಟರು

ಎರಡು ಲೋಕ ಮುಖಾಮುಖಿ ಆಗಿದ್ದು ಇದೇ ಮೊದಲೇನಲ್ಲ. ಮುತ್ತುಸ್ವಾಮಿ ದೀಕ್ಷಿತರು ಇಂಗ್ಲಿಷ್ ಬ್ಯಾಂಡಿನ ಧಾಟಿಗಳನ್ನು ಕೇಳಿ, ಅವಕ್ಕೆ ಸಂಸ್ಕೃತ ಸಾಹಿತ್ಯ ಕೂಡಿಸಿ ಸುಮಾರು 40 ನೊಟ್ಟುಸ್ವರಗಳನ್ನು ಮಾಡಿದ್ದರು. ಎಲ್ಲವೂ ಶಂಕರಾಭರಣದ ಸ್ವರಗಳಲ್ಲಿ, ಅಂದ್ರೆ ಬಿಳಿ ಒಂದರಿಂದ ಶುರುವಾಗೋ ಬಿಳಿ ಮನೆಗಳಲ್ಲಿ. ಗಮಕ ಇಲ್ಲದ ನೇರ ನಡೆ. ಅವು ಮಕ್ಕಳಿಗೆ ಪಾಠವಾಗಿ ಉಳಿದವು.

ಒಡೆಯರು ಆ ದಾರಿ ಹಿಡಿಯಲಿಲ್ಲ. ಗಿಲ್ಡ್‌ಹಾಲ್ ಪದವಿ ಪಡೆದವರು ಕೃತಿಗಳಿಗೆ ಕಾರ್ಡ್ ಜೋಡಿಸಬಹುದಿತ್ತು. ಅರಮನೆಯಲ್ಲಿ ವಾದ್ಯವೃಂದವೂ ಇತ್ತು. ಆದರೆ ಅವರ 94 ಕೃತಿಗಳು ಶುದ್ಧ ಕರ್ನಾಟಕ ಪದ್ಧತಿಯವು. ಪಲ್ಲವಿ, ಅನುಪಲ್ಲವಿ, ಚರಣದ ಕಟ್ಟು, ಭಾಷೆ ಸಂಸ್ಕೃತ, ಅಂಕಿತ ಶ್ರೀವಿದ್ಯಾ. ದೇವಿಯ ಉಪಾಸನೆಯೇ ಬೆನ್ನೆಲುಬು. ಅಪರೂಪದ ರಾಗಗಳನ್ನು ಹುಡುಕಿ ಹುಡುಕಿ ತೆಗೆದರು. ಒಂದು ಕೃತಿಗೆ ಬಳಸಿದ ರಾಗ ಇನ್ನೊಂದಕ್ಕೆ ಬರದ ಹಾಗೆ ನೋಡಿಕೊಂಡರು.

ಹೆಚ್ಚು ಕೇಳಿಬರೋದು ಅಠಾಣ ರಾಗದ ಶ್ರೀ ಮಹಾಗಣಪತಿಂ. ಗಣೇಶನ ಹಬ್ಬದ ಮೈಕಿನಲ್ಲಿ ಇದನ್ನು ಎಷ್ಟೋ ಜನ ಕೇಳಿರ್ತಾರೆ, ಕಟ್ಟಿದವರು ಮೈಸೂರಿನ ಮಹಾರಾಜರು ಅಂತ ಗೊತ್ತಿರಲ್ಲ. ಅಠಾಣದ ಮೂಲ ಶಂಕರಾಭರಣವೇ, ಬಹುಪಾಲು ಸ್ವರ ಅವೇ. ಆದರೆ ಶಂಕರಾಭರಣದ ನೆಮ್ಮದಿ ಇಲ್ಲಿಲ್ಲ. ಮೇಲಿನ ಷಡ್ಜದ ಸುತ್ತ ಚುರುಕಾಗಿ ಓಡಾಡೋ ರಾಗ ಇದು, ವೀರರಸಕ್ಕೆ ಹೆಸರಾದದ್ದು. ಸ್ವರ ಯಾವುದು ಅನ್ನೋದಕ್ಕಿಂತ ಅದು ಹೇಗೆ ನಡೆಯುತ್ತೆ ಅನ್ನೋದು ಇಲ್ಲಿ ಭಾವ ಹುಟ್ಟಿಸುತ್ತೆ.

ಗಂಭೀರ ನಾಟದ ಶ್ರೀ ಜಾಲಂಧರಂ ಇನ್ನೊಂದು. ಈ ರಾಗಕ್ಕೆ ಐದೇ ಸ್ವರ, ಸ-ಗ-ಮ-ಪ-ನಿ. ರಿಷಭವೂ ಇಲ್ಲ, ದೈವತವೂ ಇಲ್ಲ. ನಡುವೆ ದೊಡ್ಡ ದೊಡ್ಡ ಜಿಗಿತ, ಮೆಟ್ಟಿಲು ಹಾರಿ ಹತ್ತಿದ ಹಾಗೆ. ದೇವರ ಮೆರವಣಿಗೆಗೆ ನಾಗಸ್ವರದವರು ನುಡಿಸೋ ಮಲ್ಲಾರಿಗೂ ಇದೇ ರಾಗ. ಉತ್ಸವದ ಠೀವಿ ಇದರಲ್ಲಿ ತಾನಾಗಿ ಬರುತ್ತೆ.

ಹಿಂದೋಳದ ಚಿಂತಯಾಮಿ ಜಗದಂಬಾ ಬೇರೆ ಲೋಕ. ಹಿಂದೋಳದಲ್ಲಿ ಪಂಚಮವೇ ಇಲ್ಲ. ಹಾಗಾಗಿ ಸ-ಗ-ಪ ಅನ್ನೋ ಮಾಮೂಲಿ ಕಾರ್ಡನ್ನು ಅದರ ಸ್ವರಗಳಿಂದ ಕಟ್ಟೋಕೇ ಆಗಲ್ಲ. ಬೇಕು ಅಂದ್ರೆ ದ-ಸ-ಗ ಹಿಡಿಯಬಹುದು, ಆಗ ಕಿವಿ ಮೋಹನದ ಕಡೆ ಎಳೆಯುತ್ತೆ. ಹಿಂದೋಳದ ಧ್ಯಾನ, ಒಳಮುಖ, ಆ ಒಂಟಿತನ ಎಲ್ಲಾ ಇರೋದು ಪಂಚಮದ ಜಾಗ ಖಾಲಿ ಇರೋದರಲ್ಲಿ. ಕಾರ್ಡ್ ಹಾಕಿ ಆ ಖಾಲಿ ತುಂಬಿದರೆ ರಾಗ ಉಳಿಯಲ್ಲ.

ರೂಪನಗುಡಿ ಕಡೆಯವರಿಗೆ ಇದು ಸುಲಭವಾಗಿ ಅರ್ಥವಾಗೋ ಮಾತು. ಗಡಿ ಸೀಮೆಯ ಅಂಗಡಿಯಲ್ಲಿ ಕನ್ನಡದ ಗಿರಾಕಿ ಬಂದರೆ ಕನ್ನಡ, ತೆಲುಗಿನವರು ಬಂದರೆ ತೆಲುಗು. ಎರಡೂ ಬಾಯಲ್ಲಿ ನೀರಿನ ಹಾಗೆ ಹರಿದರೂ ಕನ್ನಡದ ವ್ಯಾಕರಣಕ್ಕೆ ತೆಲುಗು ಕ್ರಿಯಾಪದ ಹಾಕಿ ಮಾತು ಮುಗಿಸೋರಿಲ್ಲ. ಎರಡು ಗೊತ್ತಿರೋರಿಗೆ ಒಂದೊಂದರ ಸೊಗಸು ಇನ್ನೂ ಚೆನ್ನಾಗಿ ತಿಳಿಯುತ್ತೆ. ಒಡೆಯರ ಸಂಗೀತವೂ ಹಾಗೇ ಇತ್ತು.

ಗದ್ದುಗೆ ಹೋಯ್ತು, ಬಳ್ಳಾರಿ ಬಂತು

1947ರ ಆಗಸ್ಟ್‌ನಲ್ಲಿ ಒಡೆಯರು ಭಾರತ ಒಕ್ಕೂಟಕ್ಕೆ ಸೇರೋ ಪತ್ರಕ್ಕೆ ಸಹಿ ಹಾಕಿದರು. ಮೈಸೂರು ಚಲೋ ಚಳವಳಿಯ ಬಿಸಿ ತಟ್ಟಿದ ಮೇಲೆ ಅಕ್ಟೋಬರ್‌ನಲ್ಲಿ ಕೆ.ಸಿ. ರೆಡ್ಡಿಯವರ ಸರ್ಕಾರ ಬಂತು. 1950ರ ಜನವರಿ 26ರಿಂದ ಒಡೆಯರು ರಾಜಪ್ರಮುಖ. ಶತಮಾನಗಳ ದೊರೆತನ ಒಂದು ಹುದ್ದೆಯಾಗಿ ಇಳಿಯಿತು. ಆಗ ಅವರಿಗೆ ವಯಸ್ಸು 30.

1953ರಲ್ಲಿ ಬಳ್ಳಾರಿ ಬಂದದ್ದು ಈ ಹೊತ್ತಿನಲ್ಲಿ. 1956ರ ನವೆಂಬರ್ 1ರಂದು ಕನ್ನಡದ ಸೀಮೆಗಳೆಲ್ಲಾ ಒಂದಾದಾಗ ಹೊಸ ರಾಜ್ಯದ ಮೊದಲ ರಾಜ್ಯಪಾಲರಾದದ್ದೂ ಅವರೇ. ಹಳೇ ಮೈಸೂರಿನ ಕೆಲವರಿಗೆ ಏಕೀಕರಣ ಬೇಡವಾಗಿತ್ತು, ಒಡೆಯರು ಅದಕ್ಕೆ ಅಡ್ಡ ನಿಲ್ಲಲಿಲ್ಲ. 1964ರವರೆಗೆ ಆ ಹುದ್ದೆಯಲ್ಲಿದ್ದು, ಆಮೇಲೆ 1966ರವರೆಗೆ ಮದ್ರಾಸ್ ರಾಜ್ಯಪಾಲರಾಗಿದ್ದರು. ಒಂದು ಕಾಲಕ್ಕೆ ಬಳ್ಳಾರಿಯನ್ನು ಆಳಿದ ಮದ್ರಾಸಿಗೆ ಬಳ್ಳಾರಿ ಸೇರಿದ ರಾಜ್ಯದ ಹಳೇ ಮಹಾರಾಜರು ಹೋಗಿ ಕೂತಂತಾಯ್ತು.

ಈ ನಡುವೆ ಭಾರತದ ವನ್ಯಜೀವಿ ಮಂಡಳಿಯ ಮೊದಲ ಅಧ್ಯಕ್ಷರಾಗಿ ಕೆಲಸ ಮಾಡಿದರು. ಋಗ್ವೇದ, ಪುರಾಣಗಳನ್ನು ಕನ್ನಡಕ್ಕೆ ತರಿಸಿ ಜಯಚಾಮರಾಜೇಂದ್ರ ಗ್ರಂಥರತ್ನಮಾಲೆಯಲ್ಲಿ ಅಚ್ಚು ಹಾಕಿಸಿದರು. ಸಂಸ್ಕೃತ ಬಾರದವರೂ ಓದಲಿ ಅನ್ನೋದು ಅದರ ಉದ್ದೇಶ. 1966ರಲ್ಲಿ ಸಂಗೀತ ನಾಟಕ ಅಕಾಡೆಮಿ ಫೆಲೋಶಿಪ್ ಕೊಟ್ಟು ಗೌರವಿಸಿತು.

1961ರಲ್ಲಿ ಗುರು ವಾಸುದೇವಾಚಾರ್ಯರು ಹೋದರು. 1971ರ ಕೊನೆಗೆ ಕೇಂದ್ರ ಸರ್ಕಾರ ರಾಜಧನವನ್ನೂ ಬಿರುದುಗಳನ್ನೂ ರದ್ದು ಮಾಡಿತು. 1973ರಲ್ಲಿ ಮೈಸೂರು ರಾಜ್ಯ ಅನ್ನೋ ಹೆಸರೂ ಹೋಗಿ ಕರ್ನಾಟಕವಾಯ್ತು. 1974ರ ಸೆಪ್ಟೆಂಬರ್ 23ರಂದು ಬೆಂಗಳೂರು ಅರಮನೆಯಲ್ಲಿ ಜಯಚಾಮರಾಜ ಒಡೆಯರ್ ತೀರಿಕೊಂಡರು. 55 ವರ್ಷ ಬದುಕಿದರು.

ಉಳಿದದ್ದು

ರಾಜ್ಯ, ಬಿರುದು, ರಾಜಧನ ಎಲ್ಲಾ ಒಂದೊಂದಾಗಿ ಕೈಬಿಟ್ಟವು. ಲಂಡನ್ನಿನಲ್ಲಿ ಫಿಲ್ಹಾರ್ಮೋನಿಯಾ ಇವತ್ತಿಗೂ ನುಡಿಸುತ್ತಿದೆ. ಮೆಡ್ಟ್‌ನರ್ ಕಾನ್ಚರ್ಟೊದ ಮೇಲೆ ಮೈಸೂರಿನ ಹೆಸರು ಉಳಿದಿದೆ. ಇಲ್ಲಿ ಕಛೇರಿಗಳಲ್ಲಿ ಶ್ರೀವಿದ್ಯಾ ಅಂಕಿತದ ಕೃತಿಗಳನ್ನು ಹಾಡ್ತಾರೆ.

ಈಗಿನ ಕಾಲದಲ್ಲಿ ರಾಗಕ್ಕೆ ಕಾರ್ಡ್ ಹಾಕೋದು ತಪ್ಪೇನಲ್ಲ. ಸಿನಿಮಾದವರು, ಭಾವಗೀತೆಯವರು ಅದನ್ನು ಸೊಗಸಾಗಿ ಮಾಡಿ ತೋರಿಸಿದ್ದಾರೆ. ನಮ್ಮ ಸೀಮೆಯ ಆರ್ಕೆಸ್ಟ್ರಾ, ಭಜನೆ ಮೇಳಗಳಲ್ಲೂ ಕೀಬೋರ್ಡ್ ಬಂದು ಕೂತಿದೆ. ಆದರೆ ಯಾವ ಹಾಡಿನ ಕೆಳಗಿನ ನೆಲ ಸರಿಸಬಹುದು, ಯಾವುದರದ್ದು ಮುಟ್ಟಬಾರದು ಅನ್ನೋ ವಿವೇಕ ಕೀಬೋರ್ಡಿನ ಜೊತೆ ಡಬ್ಬಿಯಲ್ಲಿ ಬರಲ್ಲ. ಅದು ಎರಡನ್ನೂ ಕೂತು ಕಲಿತವರಿಗೆ ಬರೋದು. ಮುಂದಿನ ಗಣೇಶನ ಹಬ್ಬದಲ್ಲಿ ಶ್ರೀ ಮಹಾಗಣಪತಿಂ ನುಡಿಸೋ ಹುಡುಗರು ಮೊದಲು ಒಮ್ಮೆ ಬರೀ ಶ್ರುತಿ ಇಟ್ಟುಕೊಂಡು ನುಡಿಸಿ ನೋಡಲಿ, ಆಮೇಲೆ ಕಾರ್ಡ್ ಹಾಕಿ ನೋಡಲಿ. ಅಠಾಣದ ವೀರ ಎಲ್ಲಿ ನಿಂತಿತು, ಎಲ್ಲಿ ಕರಗಿತು ಅಂತ ಅವರ ಕಿವಿಗೇ ಗೊತ್ತಾಗುತ್ತೆ.